ಗೋಡೆ ಬಿಟ್ಟು ನಿಲ್ಲುವ ಸ್ಪೀಕರು

ಕಂಟ್ರೋಲ್ ರೂಮಿನಲ್ಲಿ ಅವಳಿಗೆ ಆಮೇಲಮ್ಮ ಎಂದೇ ಹೆಸರು. ಊರಿನಲ್ಲಿ ಯಾರಿಗೆ ಏನಾಗಿ ಆಂಬುಲೆನ್ಸಿಗೆ ಫೋನ್ ಮಾಡಿದರೂ ಅದು ಬಂದು ಬೀಳುವುದು ಆ ಕೋಣೆಗೆ. ಅಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವರಲ್ಲಿ ಅವಳೂ ಒಬ್ಬಳು. ಯಾರದೋ ಎದೆನೋವು, ಯಾರದೋ ಹೆರಿಗೆ, ಏಣಿಯಿಂದ ಜಾರಿದ ಪೇಂಟರು, ಗಂಟಲಲ್ಲಿ ಏನೋ ಸಿಕ್ಕಿಸಿಕೊಂಡ ಮಗು. ವಿಳಾಸ ಕೇಳಬೇಕು, ಏನಾಯಿತೆಂದು ಕೇಳಬೇಕು, ಗಾಡಿ ಬರುವ ತನಕ ಹೀಗೆ ಮಾಡಿ ಹಾಗೆ ಮಾಡಿ ಎಂದು ಧೈರ್ಯ ಹೇಳಬೇಕು. ಗಾಡಿ ಬಾಗಿಲಿಗೆ ಬಂತೋ, ಆ ಕಡೆಯವರು ಫೋನ್ ಬಿಸಾಕಿ ಓಡುತ್ತಾರೆ. ಇವಳ ಪಾಲಿಗೆ ಅಲ್ಲಿಗೆ ಮುಗಿಯಿತು. ಮಗು ಉಸಿರಾಡಿತೇ, ಪೇಂಟರಿಗೆ ಕಾಲು ಉಳಿಯಿತೇ, ಯಾರೂ ತಿರುಗಿ ಫೋನ್ ಮಾಡಿ ಹೇಳುವುದಿಲ್ಲ.

ಉಳಿದವರು ಇದಕ್ಕೆ ಒಗ್ಗಿಹೋಗಿದ್ದರು. ಇವಳಿಗೆ ಮಾತ್ರ ಆಗಲಿಲ್ಲ. ಗಾಡಿಯ ಡ್ರೈವರುಗಳು ಟೀ ಕುಡಿಯಲು ಮೇಲೆ ಬಂದರೆ ಸಾಕು, ಲೋಟ ಬಾಯಿಗಿಡುವ ಮೊದಲೇ "ಆಮೇಲೆ? ಆಮೇಲೆ ಏನಾಯ್ತು?" ಎಂದು ಗಂಟು ಬೀಳುತ್ತಿದ್ದಳು. ಅವರಿಗಾದರೂ ಏನು ಗೊತ್ತು? ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ ಬಂದವರು ಅವರು. "ನಮ್ಮದೂ ಅರ್ಧ ಕಥೆನೇ, ಆಮೇಲಮ್ಮ" ಎಂದು ಒಬ್ಬ ನಕ್ಕ. ಹೆಸರು ಅಂಟಿಕೊಂಡಿತು.

ಹೀಗೆ ದಿನವಿಡೀ ಅರ್ಧರ್ಧ ಧ್ವನಿಗಳನ್ನು ಕಿವಿಯಲ್ಲಿ ತುಂಬಿಕೊಂಡು ಮನೆಗೆ ಬಂದವಳಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುವಳು. ಸೋಫಾ ಆ ಗೋಡೆಯಿಂದ ಈ ಗೋಡೆಗೆ ಬರುವುದು, ಚಪ್ಪಲಿ ಸ್ಟ್ಯಾಂಡು ಬಾಲ್ಕನಿಗೆ ಹೋಗುವುದು, ಮಾರನೆಯ ವಾರ ಎರಡೂ ಹಿಂದಕ್ಕೆ ಬರುವುದು. ಮನೆಯಾದರೂ ಎಷ್ಟು ದೊಡ್ಡದು? ಮೂರನೇ ಮಹಡಿಯಲ್ಲಿ ಒಂದು ಉದ್ದನೆಯ ನಡುಮನೆ, ಒಂದು ಮಲಗುವ ಕೋಣೆ, ಇಬ್ಬರು ನಿಂತರೆ ಒಬ್ಬರು ಹೊರಬರಬೇಕಾದ ಅಡುಗೆಮನೆ. ಮಲಗುವ ಕೋಣೆ ಗಂಡಹೆಂಡಿರದು. ಅತ್ತೆಯ ಮಂಚ ನಡುಮನೆಯಲ್ಲೇ, ಉದ್ದ ಗೋಡೆಗೆ ಒತ್ತಿಕೊಂಡು. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಅವಳ ಕೈಯಲ್ಲಿ ಊರು ಸುತ್ತಿ ಬಂದಿತ್ತು.

ಅವಳ ಗಂಡ ಬೀಗ ರಿಪೇರಿಯವನು. ಬಸ್ ಸ್ಟಾಪಿನ ಪಕ್ಕದ ಒಂದು ಡಬ್ಬಿಯಂಥ ಅಂಗಡಿಯಲ್ಲಿ ಕೂತು ಕೀ ಕತ್ತರಿಸುತ್ತಿದ್ದ. ಕೋಪ ಎನ್ನುವುದು ಅವನ ಹತ್ತಿರ ಸುಳಿಯದು. "ಕತ್ತಲಲ್ಲಿ ನಮ್ಮ ಮನೆಗೆ ಕಳ್ಳ ಬಂದ್ರೆ ಪಾಪ ಮೊಣಕಾಲು ಮುರ್ಕೊಂಡು ಹೋಗ್ತಾನೆ" ಎನ್ನುತ್ತಿದ್ದ, ಅಷ್ಟೆ. ಅತ್ತೆ ಏನೂ ಅನ್ನುತ್ತಿರಲಿಲ್ಲ. ಅವರು ಸೊಸೆಯ ಓಡಾಟವನ್ನು ಮಂಚದ ಮೇಲಿಂದ ನೋಡುತ್ತಿದ್ದರು, ಬಸ್ಸಿನ ಕಿಟಕಿಯಿಂದ ರಸ್ತೆ ನೋಡಿದ ಹಾಗೆ.

ಅವರ ಕಟ್ಟಡದ ಕೊನೆಯ ಮಹಡಿಯಲ್ಲಿ ರೇಡಿಯೋ ಮಾಮ ಇದ್ದರು. ಒಂದು ಕಾಲಕ್ಕೆ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದವರು. ಮದುವೆಯಾಗಲಿಲ್ಲ. ಯಾಕೆ ಮಾಮ ಎಂದು ಕೇಳಿದರೆ "ಸ್ಪೀಕರ್ ಇಟ್ಟ ಮೇಲೆ ಇನ್ನೊಬ್ಬರಿಗೆ ಜಾಗ ಉಳೀಲಿಲ್ಲ" ಎನ್ನುತ್ತಿದ್ದರು. ತಮಾಷೆ ಎಂದುಕೊಂಡಿದ್ದಳು. ಒಂದು ಸಂಜೆ ಲಿಫ್ಟು ಮೂರನೇ ಮಹಡಿಯಲ್ಲಿ ನಿಲ್ಲದೆ ಅವಳನ್ನು ನೇರ ಮೇಲಕ್ಕೆ ಒಯ್ದಿತು. ರೇಡಿಯೋ ಮಾಮನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಒಬ್ಬ ಹೆಂಗಸು ಹಾಡುತ್ತಿದ್ದಳು.

ಸ್ಪೀಕರಿನಲ್ಲಿ ಹಾಡು ಬರುತ್ತಿದೆ ಎಂದು ಅವಳಿಗೆ ಅನ್ನಿಸಲೇ ಇಲ್ಲ. ಮನೆಗೆ ಯಾರೋ ಬಂದು ನಿಂತು ಹಾಡುತ್ತಿದ್ದಾರೆ ಅಂದುಕೊಂಡಳು. ಸಾಲು ಶುರುವಾಗುವ ಮೊದಲು ಆ ಹೆಂಗಸು ಉಸಿರು ಎಳೆದುಕೊಂಡದ್ದು ಕೇಳಿಸಿತು, ತುಟಿ ಬಿಡಿಸಿದ್ದು ಕೇಳಿಸಿತು, ಕೊನೆಯ ಸ್ವರ ತೆಳುವಾಗುತ್ತ ಹೋಗಿ ಎಲ್ಲಿ ನಿಂತಿತು ಎನ್ನುವುದು ಕೂಡ ಕೇಳಿಸಿತು. ಫೋನಿನ ಸಣ್ಣ ತೂತಿನಿಂದ ತುರುಕಿಕೊಂಡು ಬರುವ ಧ್ವನಿಗಳನ್ನೇ ಕೇಳುತ್ತಿದ್ದವಳಿಗೆ ಒಂದು ಇಡೀ ಧ್ವನಿ, ತಲೆಯಿಂದ ಕಾಲಿನವರೆಗೆ, ಎದುರಿಗೆ ನಿಂತಂತಾಯಿತು. ಬಾಗಿಲು ತಳ್ಳಿದರೆ ಹಾಡುವವಳು ಇಲ್ಲ. ಕೋಣೆಯ ನಡುವೆ ಆಳೆತ್ತರದ ಎರಡು ಕಪ್ಪು ಹಲಗೆಗಳು. ಎದುರಿಗೆ ಒಂದೇ ಒಂದು ಕುರ್ಚಿ. ಅದರಲ್ಲಿ ಕಣ್ಣು ಮುಚ್ಚಿಕೊಂಡು ಮಾಮ.

"ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್ ಅಂತಾರೆ ಇವಕ್ಕೆ" ಎಂದು ಮಾಮ ಅವಳನ್ನು ತಮ್ಮ ಕುರ್ಚಿಯಲ್ಲೇ ಕೂರಿಸಿದರು. "ಪೆಟ್ಟಿಗೆ ಇಲ್ಲ, ಏನಿಲ್ಲ. ತೂತು ತೂತಿನ ಎರಡು ತಗಡು, ಮಧ್ಯೆ ಕೂದಲಿಗಿಂತ ತೆಳ್ಳಗಿರೋ ಒಂದು ಹಾಳೆ. ಕರೆಂಟು ಅದನ್ನ ಹಿಂದೆ ಮುಂದೆ ಎಳೀತದೆ. ಮುಂದಕ್ಕೆ ಎಷ್ಟು ಹಾಡ್ತವೋ ಹಿಂದಕ್ಕೂ ಅಷ್ಟೇ ಹಾಡ್ತವೆ. ಅದಕ್ಕೇ ಗೋಡೆಗೆ ಒರಗಿಸೋ ಹಾಗಿಲ್ಲಮ್ಮ. ಹಿಂದೆ ಜಾಗ ಬಿಡ್ಬೇಕು. ಇಲ್ಲಾಂದ್ರೆ ಹಿಂದಿನ ಸದ್ದು ಗೋಡೆಗೆ ಬಡಿದು ವಾಪಸ್ ಬಂದು ಮುಂದಿನದನ್ನ ಕಲಸಿಬಿಡ್ತದೆ."

ಆ ಸಂಜೆ ಅವಳು ಒಂದು ಪೂರ್ತಿ ಹಾಡು ಮುಗಿಯುವ ತನಕ ಕೂತಳು. ಮನೆಗೆ ಬಂದ ಮೇಲೆ ಗಂಡನಿಗೆ ಅದೇ ಆಶ್ಚರ್ಯ. "ನೀನು? ಕೂತಿದ್ದೆ?"

ಕೆಲವು ತಿಂಗಳ ಮೇಲೆ ಮಾಮ ತಂಗಿಯ ಮನೆಗೆ ಹೋಗಿ ಇರುವುದೆಂದಾಯಿತು. ಮೊಣಕಾಲು ಕೈಕೊಟ್ಟಿತ್ತು. ತಂಗಿಯ ಮನೆಯಲ್ಲಿ ಅವರಿಗೆ ಸಿಗುವುದು ಒಂದು ಮೂಲೆ. ಸ್ಪೀಕರನ್ನೂ ಆಂಪ್ಲಿಫೈಯರನ್ನೂ ಇವಳಿಗೇ ಕೊಡುತ್ತೇನೆಂದರು. ನಮ್ಮ ಮನೆ ಚಿಕ್ಕದು ಮಾಮ ಎಂದು ಅವಳು ಬಾಯಿಮಾತಿಗೆ ಅಂದಳೇ ಹೊರತು ಮನಸ್ಸು ಆಗಲೇ ಸೋಫಾವನ್ನು ಎತ್ತಿ ಆಚೆ ಇಟ್ಟಿತ್ತು.

ಗಂಡನೂ ಲಿಫ್ಟು ರಿಪೇರಿಗೆ ಬಂದಿದ್ದ ಮೆಕ್ಯಾನಿಕ್ಕೂ ಸೇರಿ ಅವನ್ನು ಒಂದೊಂದಾಗಿ ಮೆಟ್ಟಿಲ ಮೇಲೆ ಇಳಿಸಿದರು. ಅತ್ತೆ ಮಂಚದ ಮೇಲೆ ಕಾಲು ಮಡಚಿ ಕೂತು ನೋಡಿದರು.

"ಇವು ನಮ್ಮ ಜೊತೆಗೇ ಇರ್ತವಾ?"

"ಹೌದು ಅತ್ತೆ. ಚೆನ್ನಾಗಿ ಹಾಡ್ತವೆ."

"ಹಾಡಲಿ. ನೆಂಟರು ಬಂದು ಕೂರದೆ ನಿಂತೇ ಇದ್ದ ಹಾಗಿದೆ, ನೋಡೋಕೇ ಸಂಕೋಚ ಆಗ್ತದೆ."

ಮೊದಲು ಅವನ್ನು ಕಿಟಕಿಯ ಗೋಡೆಗೆ ಒರಗಿಸಿ, ಟಿವಿಯ ಎಡಕ್ಕೊಂದು ಬಲಕ್ಕೊಂದು ನಿಲ್ಲಿಸಿದಳು. ಜಾಗ ಉಳಿಯುವುದು ಹಾಗಿಟ್ಟರೇ. ಅದೇ ಹೆಂಗಸಿನ ಹಾಡು ಹಾಕಿದಳು. ಧ್ವನಿಗೆ ನೆಗಡಿಯಾಗಿತ್ತು. ಹಾಡುವವಳು ಬೀರುವಿನೊಳಗೆ ಸಿಕ್ಕಿಕೊಂಡು ಬಾಗಿಲು ಬಡಿಯುತ್ತಿರುವಂತೆ ಕೇಳಿಸಿತು. ಗೋಡೆಯಿಂದ ಒಂದಡಿ ಮುಂದಕ್ಕೆ ಎಳೆದಳು. ನೆಗಡಿ ಸ್ವಲ್ಪ ಇಳಿಯಿತು. ಎರಡಡಿ. ಮೂರಡಿಗೆ ಬಂದಾಗ ಉಸಿರು ಕೇಳತೊಡಗಿತು. ಆದರೆ ಎಡಗಡೆಯದು ಅತ್ತೆಯ ಮಂಚದ ಕಾಲಿಗೆ ತಾಗಿತು, ಬಲಗಡೆಯದು ಬಾಲ್ಕನಿಯ ಬಾಗಿಲಿಗೆ ಅಡ್ಡ ನಿಂತಿತು. ಬಟ್ಟೆ ಒಣಗಿಸಲು ಹೋಗಬೇಕಾದರೆ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ಜಾರಬೇಕು.

ಟಿವಿ ಮಲಗುವ ಕೋಣೆಗೆ ಹೋಯಿತು. ಊಟದ ಮೇಜು ಮಡಚಿಕೊಂಡು ಬಾಗಿಲ ಹಿಂದೆ ಸೇರಿತು. ಸ್ಪೀಕರುಗಳು ಕಿಟಕಿಯ ಗೋಡೆ ಬಿಟ್ಟು ಉದ್ದ ಗೋಡೆಗೆ ಬಂದವು, ಅಲ್ಲಿಂದ ಓರೆಯಾಗಿ ಮೂಲೆಗೆ ಹೋದವು, ಮೂಲೆಯಲ್ಲಿ ಗುಂಯ್‌ಗುಟ್ಟಿ ಮತ್ತೆ ಹೊರಬಂದವು. ಹಿಂದಿನ ಗೋಡೆಗೆ ದಪ್ಪನೆಯ ರಗ್ಗು ನೇತುಹಾಕಿದಳು. ಸದ್ದು ಸತ್ತು ಮಲಗಿತು. ರಗ್ಗು ತೆಗೆದು ಪುಸ್ತಕದ ಶೆಲ್ಫು ಇಟ್ಟಳು. ಚೆನ್ನಾಯಿತು, ಆದರೆ ಶೆಲ್ಫು ಇದ್ದ ಕಡೆ ಗೋಡೆ ಬೋಳಾಗಿ ಅಲ್ಲಿಂದ ಪ್ರತಿಧ್ವನಿ ಶುರುವಾಯಿತು. ಒಂದು ಮೇಲೆ ಎತ್ತಿದರೆ ಇನ್ನೊಂದು ಕೆಳಗೆ ಬೀಳುತ್ತಿತ್ತು. ಹಿಡಿಸಿದ ಜಾಗ ಮರೆಯಬಾರದೆಂದು ನೆಲಕ್ಕೆ ಬಣ್ಣದ ಟೇಪು ಅಂಟಿಸುತ್ತ ಹೋದಳು. ಸ್ಪೀಕರಿಗೆ ಕೆಂಪು, ಸೋಫಾಗೆ ಹಳದಿ, ಶೆಲ್ಫಿಗೆ ನೀಲಿ.

"ಇದೇನು, ವಿಮಾನ ಇಳಿಸ್ತೀಯಾ ಇಲ್ಲಿ?" ಎಂದ ಗಂಡ.

"ರೀ, ತಮಾಷೆ ಸಾಕು. ಆ ಕಡೆ ಹಿಡೀರಿ. ಇನ್ನೊಂದು ಬೆರಳು ಹಿಂದೆ. ಅಯ್ಯೋ, ಅಷ್ಟೊಂದಲ್ಲ!"

ಅವನು ಒಂದು ಬೆರಳು ಹಿಂದೆ ಇಡುತ್ತಿದ್ದ, ಅರ್ಧ ಬೆರಳು ಮುಂದೆ ಇಡುತ್ತಿದ್ದ. ಬೀಗದ ಕೆಲಸದವನಿಗೆ ಕೂದಲೆಳೆಯ ಲೆಕ್ಕ ಹೊಸದಲ್ಲ. ಆದರೆ ಬೀಗ ತೆರೆದರೆ ತೆರೆಯಿತು. ಇದು ತೆರೆಯಿತು ಎಂದು ಹೇಳುವವರು ಯಾರು? ಇವತ್ತು ಸರಿ ಎಂದವಳು ನಾಳೆ ಡ್ಯೂಟಿಯಿಂದ ಬಂದು, ಚೀಲ ಕೆಳಗಿಡುವ ಮೊದಲೇ ಹಾಡು ಹಾಕಿ, ತಲೆ ಓರೆ ಮಾಡಿ "ಹೆಂಗಸು ಸ್ವಲ್ಪ ಎಡಕ್ಕೆ ವಾಲಿದಾಳೆ" ಎನ್ನುತ್ತಿದ್ದಳು.

ಇನ್ನೊಂದು ತೊಡಕೂ ಇತ್ತು. ಆ ಸ್ಪೀಕರುಗಳ ಸೊಗಸು ಕೇಳುವುದು ಒಬ್ಬರಿಗೇ. ಎರಡರಿಂದಲೂ ಸಮನಾದ ದೂರದಲ್ಲಿ, ನಟ್ಟನಡುವೆ ಕೂತವರಿಗೆ ಹೆಂಗಸು ಎದುರಿಗೆ ನಿಂತು ಹಾಡುತ್ತಾಳೆ. ಪಕ್ಕಕ್ಕೆ ಒಂದು ಮೊಳ ಸರಿದರೆ ಅವಳು ಮಾಯ, ಒಂದು ಹಲಗೆಯಿಂದ ಸದ್ದು ಬರುತ್ತದೆ ಅಷ್ಟೆ. ಸೋಫಾದ ನಡುವಿನ ಜಾಗ ಅವಳದಾಯಿತು. ಗಂಡ ಒಂದು ಬದಿಗೆ ಕೂತು ಕಾಲ ಮೇಲೆ ಬೀಗ ಇಟ್ಟುಕೊಂಡು ಎಣ್ಣೆ ಬಿಡುತ್ತಿದ್ದ. ಅವನಿಗೆ ಏನು ಕೇಳಿಸುತ್ತಿತ್ತೋ, ಅವನು ಹೇಳಲಿಲ್ಲ, ಅವಳು ಕೇಳಲೂ ಇಲ್ಲ.

ಕೊನೆಗೆ ಒಂದು ಭಾನುವಾರ ಸರಿಯಾದ ಜಾಗ ಸಿಕ್ಕಿತು. ಸ್ಪೀಕರುಗಳು ಕಿಟಕಿಯ ಗೋಡೆಯಿಂದ ಐದಡಿ ಮುಂದೆ, ಹೆಚ್ಚು ಕಡಿಮೆ ನಡುಮನೆಯ ಹೊಟ್ಟೆಯಲ್ಲೇ ಬಂದು ನಿಂತವು. ಇವುಗಳ ಪಕ್ಕಕ್ಕೆ ಸದ್ದು ಬರುವುದಿಲ್ಲವಾದ್ದರಿಂದ ಪಕ್ಕದ ಗೋಡೆಗಳಿಗೆ ಹತ್ತಿರವಿದ್ದರೂ ನಡೆಯುತ್ತಿತ್ತು. ಆದರೆ ಎಡಗಡೆ ಗೋಡೆಗೆ ಮಂಚವಿತ್ತಲ್ಲ, ಹಾಗಾಗಿ ಎಡಗಡೆಯದು ಮಂಚದ ಅಂಚಿಗೇ ಒತ್ತಿಕೊಂಡು ನಿಂತಿತು. ಅತ್ತೆ ಮಂಚದಿಂದ ಇಳಿಯಬೇಕಾದರೆ ಕಾಲ ಕಡೆಯ ತುದಿಯ ತನಕ ಜರುಗಿ, ಅಲ್ಲಿಂದ ಹಲಗೆಯನ್ನು ಬಳಸಿಕೊಂಡು, ವೈರು ದಾಟಿ ಬಚ್ಚಲಿಗೆ ಹೋಗಬೇಕಾಯಿತು. ಅವಳಿಗೆ ಅದು ಕಾಣಲಿಲ್ಲ ಎಂದಲ್ಲ. ಕಂಡಿತು. ನಾಳೆ ಏನಾದರೂ ಮಾಡೋಣ ಅಂದುಕೊಂಡಳು. ಅಂದು ಮಾತ್ರ ಹಾಡುವವಳು ಅಷ್ಟು ನಿಚ್ಚಳವಾಗಿ ನಿಂತಿದ್ದಳು, ಕೈ ಚಾಚಿದರೆ ಸೆರಗು ಸಿಗುವಷ್ಟು.

ಆ ನಾಳೆ ಅವಳಿಗೆ ಹಗಲು ಪಾಳಿ. ಮಧ್ಯಾಹ್ನದ ಹೊತ್ತು ಫೋನುಗಳು ತುಸು ಕಡಿಮೆ. ಪಕ್ಕದ ಸೀಟಿನ ಕನ್ನಡಕದ ಹುಡುಗಿ ಹೆಡ್‌ಫೋನಿನ ಮೈಕಿಗೆ ಕೈ ಅಡ್ಡ ಹಿಡಿದು ನಗುತ್ತ ತಿರುಗಿದಳು.

"ಯಾರೋ ಅಜ್ಜಿ. ವಿಳಾಸ ಕೇಳಿದ್ರೆ ಹೇಳ್ತಿಲ್ಲ. ನನ್ನ ಸೊಸೆ ಅಲ್ಲೇ ಕೆಲಸ ಮಾಡ್ತಾಳೆ, ಅವಳಿಗೆ ಕೊಡು ಅಂತಿದಾರೆ. ಯಾರ ಅತ್ತೆಯಪ್ಪಾ ಇದು?"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಆಮೇಲಮ್ಮ ನಗಲಿಲ್ಲ. ಅತ್ತೆಯ ಕೊರಳಿಗೆ ಫೋನು ನೇತುಹಾಕಿ, ಇದೊಂದು ಗುಂಡಿ ಒತ್ತಿ ಹಿಡಿದರೆ ನಮ್ಮ ಆಫೀಸು ಎಂದು ಹೇಳಿಕೊಟ್ಟವಳು ಅವಳೇ. "ಈ ಕಡೆ ಕೊಡು" ಎಂದಳು.

"ಅತ್ತೆ? ನಾನು. ಏನಾಯ್ತು?"

"ಏನೂ ಆಗಿಲ್ಲ. ಬಿದ್ದೆ."

"ತಲೆಗೆ ಏಟಾಯ್ತಾ? ರಕ್ತ ಬರ್ತಿದೆಯಾ? ಕಾಲು ಅಲ್ಲಾಡಿಸೋಕೆ ಆಗ್ತದಾ?"

"ಒಂದೇ ಸಲ ಅಷ್ಟೆಲ್ಲ ಕೇಳ್ಬೇಡ. ಮೊದಲು ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಬೀಳೋವಾಗ ನಿನ್ನ ಸ್ಪೀಕರ್ ಹಿಡ್ಕೊಂಡುಬಿಟ್ಟೆ. ಅದು ವಾಲಿ ಮಂಚದ ಮೇಲೆ ಬಿತ್ತು. ಹಾಸಿಗೆ ಮೇಲೆ ಬಿದ್ದಿರೋದ್ರಿಂದ ಏನೂ ಆಗಿಲ್ಲ ಅನ್ಸುತ್ತೆ."

ಅವಳು ಪಕ್ಕಕ್ಕೆ ತಿರುಗಿ ಮನೆ ಎಲ್ಲಿದೆ ಎಂದು ಹೇಳಿದಳು. ಕನ್ನಡಕದ ಹುಡುಗಿಯೇ ವಿಳಾಸ ಟೈಪ್ ಮಾಡಿ ಗಾಡಿ ಕಳಿಸಿದಳು. ಆಮೇಲಮ್ಮ ಇನ್ನೊಂದು ಫೋನಿನಿಂದ ಗಂಡನಿಗೆ ಹೇಳಿದಳು. ಮತ್ತೆ ಅತ್ತೆಯ ಕಡೆಗೆ ತಿರುಗಿದಳು.

"ಗಾಡಿ ಬರ್ತಿದೆ. ಏಳೋಕೆ ಹೋಗ್ಬೇಡಿ. ಮಾತಾಡ್ತಾ ಇರಿ."

"ಏನು ಮಾತಾಡ್ಲಿ?"

"ಏನಾದ್ರೂ. ಏನು ಕಾಣ್ತಿದೆ ಹೇಳಿ."

ಆ ಕಡೆ ಸ್ವಲ್ಪ ಹೊತ್ತು ಉಸಿರಿನ ಸದ್ದು. ನೋವು ನುಂಗಿಕೊಂಡು ಬಿಡುವ ಉಸಿರು ಅದು, ಅವಳಿಗೆ ಗೊತ್ತು. ಆಮೇಲೆ ಅತ್ತೆ ಹೇಳಿದರು, "ಟೇಪು ಕಾಣ್ತಿದೆ. ಅಬ್ಬಾ, ಎಷ್ಟೊಂದು ಅಂಟಿಸಿದೀಯ! ಸೋಫಾ ಎಲ್ಲಿರ್ಬೇಕು, ಶೆಲ್ಫು ಎಲ್ಲಿರ್ಬೇಕು, ಎಲ್ಲಕ್ಕೂ ಉಂಟು. ನನ್ನ ಮಂಚಕ್ಕೆ ಮಾತ್ರ ಒಂದೂ ಇಲ್ಲ."

"ಅತ್ತೆ..."

"ತಪ್ಪು ಅಂತ ಅಲ್ಲ. ಮಲಗಿಕೊಂಡು ನೋಡ್ತಾ ಇದ್ದೀನಿ, ಅದಕ್ಕೆ ಹೇಳಿದೆ. ನೀನೇ ತಾನೇ ಏನು ಕಾಣ್ತಿದೆ ಅಂತ ಕೇಳಿದ್ದು."

ಗಾಡಿ ಬೇಗ ಬಂತು. ಆದರೆ ಬಾಗಿಲು ತೆರೆಯಲಿಲ್ಲ. ಗಂಡ ಅಂಗಡಿಯಿಂದ ಓಡಿ ಬಂದಿದ್ದ, ಕೀ ಕೈಯಲ್ಲೇ ಇತ್ತು. ಅತ್ತೆ ಒಳಗಿನಿಂದ ಚಿಲಕ ಹಾಕಿಕೊಂಡಿದ್ದರು. ಅದು ಅವನೇ ಹುಡುಕಿ ತಂದು ಹಾಕಿದ ಚಿಲಕ, ಹೊರಗಿನಿಂದ ಯಾರೂ ತೆಗೆಯಲಾರದಂಥದ್ದು. ಊರಿಗೆಲ್ಲ ಬಾಗಿಲು ತೆಗೆದುಕೊಡುವವನು ತನ್ನ ಬಾಗಿಲ ಮುಂದೆ ಮೊಣಕಾಲೂರಿ ಬೆವರು ಸುರಿಸಿದ. ಅವನು ಕೆರೆಯುವುದು, ತಿರುಪುವುದು, ಬಾಯಲ್ಲಿ ಗೊಣಗುವುದು, ಎಲ್ಲವೂ ಅತ್ತೆಯ ಫೋನಿನ ಮೂಲಕ ಕಂಟ್ರೋಲ್ ರೂಮಿಗೆ ಬರುತ್ತಿತ್ತು. ಮನೆಯಿಂದ ಇಷ್ಟು ದೂರ ಕೂತು ಅವಳು ತನ್ನ ಮನೆಯ ಬಾಗಿಲನ್ನು ಕೇಳುತ್ತಿದ್ದಳು. ಕಾಲು ನೆಲಕ್ಕೆ ನಿಲ್ಲುತ್ತಿರಲಿಲ್ಲ. ಎದ್ದರೆ ಹೆಡ್‌ಫೋನಿನ ವೈರು ಎಳೆಯುತ್ತಿತ್ತು, ಕೂತರೆ ಕುರ್ಚಿ ಚುಚ್ಚುತ್ತಿತ್ತು.

"ಇವನಿಗೆ ಈ ಚಿಲಕ ಬೇಡ ಅಂದಿದ್ದೆ" ಎಂದರು ಅತ್ತೆ. ಆಮೇಲೆ ಧಡ್ ಎಂದು ಸದ್ದು. ಬೀಗದವನು ಬೀಗದ ವಿದ್ಯೆ ಬಿಟ್ಟು ಹೆಗಲಿನಿಂದ ಬಾಗಿಲು ಒಡೆದಿದ್ದ. ಹತ್ತಾರು ಹೆಜ್ಜೆಯ ಸದ್ದು, "ಅಮ್ಮಾ" ಎಂಬ ಅವನ ಕೂಗು, ಫೋನು ಕಟ್ಟಾಯಿತು.

ಎಂದಿನಂತೆ ಅಲ್ಲಿಗೆ ನಿಲ್ಲಬೇಕಿತ್ತು. ಸೂಪರ್‌ವೈಸರ್ ಬಂದು ಅವಳ ಹೆಡ್‌ಫೋನ್ ತಾವೇ ತೆಗೆದು, "ಹೋಗಮ್ಮ, ಇದರ ಆಮೇಲೆ ನೀನೇ ನೋಡು" ಎಂದರು.

ಅತ್ತೆಗೆ ಬಲಗೈ ಮಣಿಕಟ್ಟು ಮುರಿದಿತ್ತು, ಸೊಂಟಕ್ಕೆ ಪೆಟ್ಟಾಗಿತ್ತು. ಸೊಂಟದ ಮೂಳೆಗೆ ಏನೂ ಆಗಿರಲಿಲ್ಲ. ಕೈಗೆ ಪಟ್ಟಿ ಹಾಕಿ ಕೆಲವು ದಿನ ವಾರ್ಡಿನಲ್ಲಿ ಇರಿಸಿಕೊಂಡರು. ಆಮೇಲಮ್ಮ ಆಸ್ಪತ್ರೆಯಲ್ಲೂ ಕೂರಲಿಲ್ಲ. ನೀರು ತಂದಳು, ದಿಂಬು ಸರಿ ಮಾಡಿದಳು, ಸರಿ ಮಾಡಿದ ದಿಂಬನ್ನು ಮತ್ತೆ ಸರಿ ಮಾಡಿದಳು, ನರ್ಸನ್ನು ಕೇಳಿದ್ದನ್ನೇ ಕೇಳಿದಳು.

ಒಂದು ಸಂಜೆ ಅತ್ತೆ ಅವಳ ಕೈ ಹಿಡಿದು ನಿಲ್ಲಿಸಿದರು. "ಸ್ವಲ್ಪ ಆ ಪರದೆ ಎಳಿ." ಮಂಚದ ಸುತ್ತ ಹಸಿರು ಪರದೆ ಇತ್ತು. ಎಳೆದಳು. ನಿದ್ದೆ ಬಂತೇನೋ ಎಂದು ಇಣುಕಿದರೆ ಅತ್ತೆ ಕಣ್ಣು ತೆರೆದುಕೊಂಡೇ, ಸುಮ್ಮನೆ, ಬಹಳ ಸುಖವಾಗಿ ಮಲಗಿದ್ದರು.

"ನೋವು ಇದೆಯಾ ಅತ್ತೆ?"

"ಇದೆ. ಆದ್ರೂ ಇಲ್ಲಿ ಚೆನ್ನಾಗಿದೆ. ಪರದೆ ಎಳ್ಕೊಂಡ್ರೆ ನಾನೊಬ್ಬಳೇ. ಮನೇಲಿ ಸೀರೆ ಬದಲಿಸಬೇಕಾದ್ರೂ ಬಚ್ಚಲಿಗೆ ಹೋಗ್ಬೇಕು. ಒಂಚೂರು ಅಳು ಬಂದ್ರೂ ಯಾರಾದ್ರೂ ಬಾಗಿಲು ತೆಗೆದು ಬರ್ತಾರೆ. ಹಾಲ್ ಅಂದ್ರೆ ರಸ್ತೆ ಥರ ಅಲ್ವಾ?"

"ನೀವು ಯಾವತ್ತೂ ಹೇಳ್ಲೇ ಇಲ್ಲ."

"ಹೇಳೋಕೆ ನೀನು ಒಂದು ಕಡೆ ನಿಂತ್ರೆ ತಾನೇ?"

ಅತ್ತೆ ನಕ್ಕೇ ಹೇಳಿದರು. ಅವಳಿಗೆ ಮಾತ್ರ ಬಸ್ಸಿನಲ್ಲಿ ಮನೆಗೆ ಬರುವಷ್ಟು ಹೊತ್ತೂ ಆ ನಗು ಎದೆಯಲ್ಲಿ ಮುಳ್ಳಿನ ಹಾಗೆ ಆಡುತ್ತಿತ್ತು. ಗುರುತು ಪರಿಚಯವಿಲ್ಲದವರ ಉಸಿರು ಕೇಳಿಯೇ ನೋವು ಎಲ್ಲಿದೆ ಎಂದು ಹೇಳುವವಳು ಅವಳು. ಮನೆಗೆ ಬಂದವಳೇ ನೆಲದ ಟೇಪನ್ನೆಲ್ಲ ಕಿತ್ತಳು. ಬಿದ್ದ ಸ್ಪೀಕರಿಗೆ ನಿಜವಾಗಿಯೂ ಏನೂ ಆಗಿರಲಿಲ್ಲ, ಕೆಳಗಿನ ಚೌಕಟ್ಟು ಒಂದಿಷ್ಟು ಸೊಟ್ಟಗಾಗಿತ್ತು. ಎರಡನ್ನೂ ಮುಖ ಗೋಡೆಗೆ ಮಾಡಿ ನಿಲ್ಲಿಸಿ ರೇಡಿಯೋ ಮಾಮನಿಗೆ ಫೋನ್ ಮಾಡಿದಳು.

"ಮಾಮ, ಇವನ್ನ ವಾಪಸ್ ತಗೊಂಡುಬಿಡಿ."

"ಎಲ್ಲಿಡ್ಲಿ? ಇಲ್ಲಿ ನನ್ನನ್ನೇ ಮಡಚಿ ಇಟ್ಟಿದಾರೆ. ನಿನಗೆ ಬೇಡ ಅಂದ್ರೆ ಯಾರಿಗಾದ್ರೂ ಕೊಡು." ಅತ್ತೆ ಬಿದ್ದ ಸುದ್ದಿ ಅವರಿಗೂ ಮುಟ್ಟಿತ್ತು, ಅವರೇ ಕೇಳಿದರು, "ಅತ್ತೆ ಹೇಗಿದಾರೆ? ಅದನ್ನ ಮೊದಲು ಹೇಳ್ಬೇಕಲ್ವೇನಮ್ಮ?"

ಅವಳು ಹೇಳಿದಳು. ಹೇಳುತ್ತ ಪರದೆಯ ವಿಷಯವೂ ಬಂತು. ಕೊಡುವುದಕ್ಕೆ ಯಾರಾದರೂ ಸಿಗುತ್ತಾರೆಯೇ ಎಂದು ಅವಳು ಆಫೀಸಿನಲ್ಲೆಲ್ಲ ವಿಚಾರಿಸಿದಳು. ಜಾಗ ಇದ್ದವರಿಗೆ ಆಸೆ ಇರಲಿಲ್ಲ, ಆಸೆ ಇದ್ದವರಿಗೆ ಜಾಗ ಇರಲಿಲ್ಲ.

ಅತ್ತೆಯನ್ನು ಮನೆಗೆ ಕರೆತಂದ ದಿನ ಹೊಸ ಬಾಗಿಲಿಗೆ ಇನ್ನೂ ಬಣ್ಣದ ವಾಸನೆ. ಒಳಗೆ ಕಾಲಿಟ್ಟವರೇ ಅತ್ತೆ ಗೋಡೆಗೆ ಮುಖ ಮಾಡಿ ನಿಂತ ಸ್ಪೀಕರುಗಳನ್ನು ನೋಡಿದರು.

"ಇವು ಯಾಕೆ ಶಿಕ್ಷೆಗೆ ನಿಂತ ಹಾಗೆ ನಿಂತಿದಾವೆ?"

"ಕಳಿಸಿಬಿಡ್ತೀನಿ ಅತ್ತೆ. ಯಾರಾದ್ರೂ ಸಿಗಲಿ."

ಅತ್ತೆ ಸೋಫಾದ ಮೇಲೆ ಮೆಲ್ಲಗೆ ಕೂತರು. ಕಿಟಕಿಯನ್ನು ನೋಡಿದರು, ಸ್ಪೀಕರನ್ನು ನೋಡಿದರು, ತಮ್ಮ ಮಂಚವನ್ನು ನೋಡಿದರು. ಅವರು ನೋಡುವ ರೀತಿ ಕಂಡು ಗಂಡ, "ಮುಗೀತು, ಇದು ಅಂಟುರೋಗ" ಎಂದ.

"ನನ್ನ ಮಂಚ ಕಿಟಕಿ ಕೆಳಗೆ ಅಡ್ಡಡ್ಡ ಹಾಕಿದ್ರೆ ಹಿಡಿಸ್ತದಾ?" ಎಂದು ಅತ್ತೆ ಕೇಳಿದರು.

"ಹಿಡಿಸ್ತದೆ. ಯಾಕಮ್ಮ?"

"ಅದರ ಮುಂದೆ ಇವೆರಡನ್ನ ನಿಲ್ಲಿಸು. ನಡುವೆ ಒಂದು ಪರದೆ ಬಿಡು. ಹಿಂದೆ ಜಾಗ ಬೇಕು ಬೇಕು ಅಂತ ಬಡ್ಕೋತಿದ್ಳಲ್ಲ, ಆ ಜಾಗದಲ್ಲಿ ನಾನಿರ್ತೀನಿ."

ಆಮೇಲಮ್ಮ ಕಿಟಕಿಯ ಕೆಳಗಿನ ಜಾಗವನ್ನು ಗೇಣು ಹಾಕಿ ಅಳೆದಳು. ಮನೆಯ ಪ್ರತಿಯೊಂದು ಸಾಮಾನನ್ನೂ ಎಲ್ಲೆಲ್ಲೋ ಇಟ್ಟು ನೋಡಿದವಳಿಗೆ ಇದು ಹೊಳೆದಿರಲಿಲ್ಲ. ಮಂಚ ಸರಿಸುವ ಸಾಮಾನುಗಳ ಲೆಕ್ಕದಲ್ಲೇ ಇರಲಿಲ್ಲ. "ಆದ್ರೆ ಅತ್ತೆ, ಅವು ಹಿಂದಕ್ಕೂ ಅಷ್ಟೇ ಜೋರಾಗಿ ಹಾಡ್ತವೆ. ನಿಮಗೆ ತಲೆ ಚಿಟ್ಟು ಹಿಡೀತದೆ."

"ಹಿಡಿದ್ರೆ ಹೇಳ್ತೀನಿ. ಈಗ ಹೇಳೋದು ಕಲ್ತಿದೀನಿ."

ಆ ಸಂಜೆಯೇ ಗಂಡ ಮಂಚ ತಿರುಗಿಸಿದ. ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಕೊಳವೆ ಸಿಕ್ಕಿಸಿ ತೆಳುವಾದ ಬಟ್ಟೆಯ ಪರದೆ ಬಿಟ್ಟ. ಸ್ಪೀಕರುಗಳು ಪಕ್ಕದ ಗೋಡೆಗಳಿಗೆ ಹತ್ತಿರ, ಪರದೆಯ ಎರಡು ತುದಿಗೆ ನಿಂತವು. ವೈರುಗಳನ್ನು ಗೋಡೆಯ ಅಂಚಿಗೆ ಮೊಳೆ ಹೊಡೆದು ಕೂರಿಸಿದ, ಯಾರ ಕಾಲಿಗೂ ಸಿಗದ ಹಾಗೆ. ಸ್ಪೀಕರಿನ ಬುಡವನ್ನು ನೆಲಕ್ಕೆ ಜಡಿದ ತಗಡಿಗೆ ಬಿಗಿದ, ಬೇಕೆಂದರೆ ಬಿಚ್ಚುವ ಹಾಗೆ. ಬಾಲ್ಕನಿಯ ದಾರಿ ಪರದೆಯ ಆಚೆಗೆ ಹೋಯಿತು, ಹಾಗಾಗಿ ಬಟ್ಟೆ ಒಣಗಿಸುವವರು ಇನ್ನು ಮೇಲೆ ಅತ್ತೆಯನ್ನು ಕೇಳಿ ಒಳಗೆ ಹೋಗಬೇಕು. ಅತ್ತೆಗೆ ಇದು ಎಲ್ಲಕ್ಕಿಂತ ಇಷ್ಟವಾಯಿತು. ಮೊದಲ ದಿನವೇ ಮಗನನ್ನು ಪರದೆಯ ಹೊರಗೆ ನಿಲ್ಲಿಸಿ "ಯಾರು?" ಎಂದು ಕೇಳಿದರು.

"ನಾನಮ್ಮ, ಟವೆಲ್ ತಗೋಬೇಕು."

"ಒಂದು ನಿಮಿಷ ಇರು."

ಆಮೇಲಮ್ಮ ಹಾಡು ಹಾಕಿದಳು. ಆ ಭಾನುವಾರದಷ್ಟು ಚೆನ್ನಾಗಿ ಬರಲಿಲ್ಲ. ಹಾಸಿಗೆ, ದಿಂಬು, ಹೊದಿಕೆ ಎಲ್ಲ ಹಿಂದಿನ ಸದ್ದನ್ನು ಕುಡಿದು ಹಾಡುವವಳು ತುಸು ಮೆತ್ತಗಾಗಿದ್ದಳು. ಆದರೂ ನಿಂತಿದ್ದಳು, ಉಸಿರು ಎಳೆದುಕೊಳ್ಳುತ್ತಿದ್ದಳು. ಮೊದಲ ಸಾಲು ಮುಗಿಯುವಷ್ಟರಲ್ಲಿ ಆಮೇಲಮ್ಮ ಎದ್ದಳು, ಪರದೆಯ ಹತ್ತಿರ ಹೋದಳು, ಹಿಂದೆ ಬಂದಳು, ಮತ್ತೆ ಎದ್ದಳು.

"ಅತ್ತೆ, ಜೋರಾಯ್ತಾ?"

"ಇಲ್ಲ."

"ಕಡಿಮೆ ಮಾಡ್ಲಾ?"

"ಕೂತ್ಕೊ. ಹಾಡೋವಾಗ ಮಾತಾಡ್ಬಾರದು." ಸ್ವಲ್ಪ ಹೊತ್ತಿನ ಮೇಲೆ ಪರದೆಯ ಆಚೆಯಿಂದ ಮತ್ತೆ ಧ್ವನಿ ಬಂತು. "ಇವಳಿಗೆ ಯಾರೋ ಹೇಳದೆ ಹೊರಟುಹೋಗಿದಾರೆ, ಅಲ್ವಾ?"

ಹಾಡಿನ ಮಾತು ಅವರಿಬ್ಬರಿಗೂ ಗೊತ್ತಿಲ್ಲದ ಭಾಷೆಯದು. ಉಸಿರನ್ನೂ ಸ್ವರವನ್ನೂ ಅಳೆದು ಅಳೆದು ಕೇಳಿದ್ದ ಆಮೇಲಮ್ಮ ಆ ಹೆಂಗಸು ಯಾಕೆ ಹಾಡುತ್ತಿದ್ದಾಳೆ ಎಂದು ಯೋಚಿಸಿರಲಿಲ್ಲ. "ಇರ್ಬಹುದು ಅತ್ತೆ" ಎಂದಳು. ಗಂಡ ಸೋಫಾದ ತುದಿಯಲ್ಲಿ ಬೀಗ ಹಿಡಿದು ಕೂತಿದ್ದ. ಅವಳು ಏನೋ ತೋಚಿ ಅವನನ್ನು ನಡುವಿನ ಜಾಗಕ್ಕೆ ಎಳೆದು ತಾನು ತುದಿಗೆ ಕೂತಳು. ಅವನು ಕಣ್ಣರಳಿಸಿದ. "ಅಯ್ಯೋ, ಇಲ್ಲಿದಾಳಲ್ಲ ಇವಳು!" ಎಂದ. ಇಷ್ಟು ದಿನ ಅವನಿಗೆ ಹಾಡುವವಳು ಕಂಡೇ ಇರಲಿಲ್ಲ.

ಈಗಲೂ ಆ ಮನೆಯಲ್ಲಿ ಸಾಮಾನು ಸರಿಯುವುದು ನಿಂತಿಲ್ಲ. ಅತ್ತೆಯ ಕೈ ಕೂಡಿಕೊಂಡಿದೆ. ಪರದೆ ಸರಿಸಿದರೂ ಎಡಗಡೆಯ ಸ್ಪೀಕರಿನಿಂದಾಗಿ ಮಲಗಿದಲ್ಲಿಂದ ಬಾಗಿಲು ಕಾಣುವುದಿಲ್ಲ ಎಂದು ಅವರು ಮಧ್ಯಾಹ್ನ ಮಗ ಊಟಕ್ಕೆ ಬಂದಾಗ ಅದನ್ನು ಬಿಚ್ಚಿಸಿ ಒಂದು ಗೇಣು ಸರಿಸುತ್ತಾರೆ. ಸಂಜೆ ಆಮೇಲಮ್ಮ ಬಂದು ತಲೆ ಓರೆ ಮಾಡಿ, ಸ್ಕ್ರೂಡ್ರೈವರ್ ಹುಡುಕಿ, ಅದನ್ನು ಮತ್ತೆ ಜಾಗಕ್ಕೆ ತರುತ್ತಾಳೆ. ಪರದೆಯ ಆಚೆಯಿಂದ "ಯಾರು?" ಎಂಬ ಪ್ರಶ್ನೆ ಬರುತ್ತದೆ. ಗಂಡ ಸ್ಪೀಕರಿನ ಬುಡಕ್ಕೆ ಸಣ್ಣ ಚಕ್ರ ಹಾಕುವುದು ಹೇಗೆಂದು ಯೋಚಿಸುತ್ತಿದ್ದಾನೆ.